ಒಂದೇ ಆಜ್ಞೆ, ನೂರಾರು ಕಡತ

ಒಂದು ಪುಸ್ತಕದಲ್ಲಿ ಯಾವುದೋ ಹೆಸರು ತಪ್ಪಾಗಿ ಅಚ್ಚಾಗಿದೆಯೆಂದು ಭಾವಿಸೋಣ. ಅದನ್ನು ತಿದ್ದುವುದು ಕಷ್ಟವಲ್ಲ. ಲೇಖನಿಯನ್ನು ಹಿಡಿದು ಕುಳಿತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆದರೆ ಅದೇ ತಪ್ಪು ಒಂದು ಗ್ರಂಥಭಂಡಾರದ ಎಲ್ಲ ಕಪಾಟುಗಳ ಎಲ್ಲ ಪುಸ್ತಕಗಳಲ್ಲಿಯೂ ಹರಡಿಕೊಂಡಿದ್ದರೆ? ಹತ್ತು ಜನ ವರ್ಷವಿಡೀ ದುಡಿದರೂ ಅಲ್ಲೊಂದು ಇಲ್ಲೊಂದು ಉಳಿದೇ ಉಳಿಯುತ್ತದೆ. ಗಣಕಯಂತ್ರದಲ್ಲಿ ಶೇಖರಿಸಿಟ್ಟ ಬರಹಕ್ಕೆ ಈ ತೊಡಕಿಲ್ಲ. ಒಂದು ಸಾಲಿನ ಆಜ್ಞೆಯನ್ನು ಕೊಟ್ಟು, ಕುಡಿಯಲು ಒಂದು ಲೋಟ ನೀರು ತರುವಷ್ಟರಲ್ಲಿ, ನೂರಾರು ಕಡತಗಳಲ್ಲಿ ಆ ಹೆಸರು ಬದಲಾಗಿರುತ್ತದೆ.

ಇದು ಸೋಜಿಗದ ಶಕ್ತಿ. ಆದರೆ ತಿದ್ದುವ ಕೈಗೆ ಬಂದ ವೇಗವೇ ಕೆಡಿಸುವ ಕೈಗೂ ಬಂದಿರುತ್ತದೆ ಎಂಬುದನ್ನು ಮರೆಯಲಾಗದು. ಈ ಶಕ್ತಿ ಎಲ್ಲಿಂದ ಬಂದಿತು, ಹೇಗೆ ಕೆಲಸಮಾಡುತ್ತದೆ, ಎಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ಈಗ ವಿಚಾರಮಾಡೋಣ.

ತಲೆಕೆಳಗಾದ ಮರ

ಗಣಕಯಂತ್ರದಲ್ಲಿ ಬರಹವೆಲ್ಲ ಕಡತಗಳ ರೂಪದಲ್ಲಿರುತ್ತದೆ. ಕಡತಗಳನ್ನು ಕೋಶಗಳಲ್ಲಿ ಇಡುತ್ತೇವೆ. ಈ ಕೋಶವನ್ನೇ ಡೈರೆಕ್ಟರಿಯೆಂದೂ ಫೋಲ್ಡರ್ ಎಂದೂ ಕರೆಯುವುದು ರೂಢಿ. ಒಂದು ಕೋಶದೊಳಗೆ ಕಡತಗಳಿರಬಹುದು, ಬೇರೆ ಕೋಶಗಳೂ ಇರಬಹುದು. ಆ ಕೋಶಗಳೊಳಗೆ ಮತ್ತೆ ಕೋಶಗಳಿರಬಹುದು. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಹಳ್ಳಿ ಇರುವಂತೆಯೇ ಇದು.

ಈ ರಚನೆಯನ್ನು ಕಾಗದದ ಮೇಲೆ ಬರೆದರೆ ಒಂದು ಮರದಂತೆ ಕಾಣುತ್ತದೆ. ಆದರೆ ಬೇರು ಮೇಲಿರುತ್ತದೆ, ಕೊಂಬೆಗಳು ಕೆಳಗಿರುತ್ತವೆ. ಭಗವದ್ಗೀತೆಯ 15ನೆಯ ಅಧ್ಯಾಯದಲ್ಲಿ ಇಂತಹ ತಲೆಕೆಳಗಾದ ಅಶ್ವತ್ಥದ ವರ್ಣನೆಯಿರುವುದನ್ನು ವಾಚಕರು ಕೇಳಿರಬಹುದು. ಗಣಕದ ಪಂಡಿತರೂ ಎಲ್ಲಕ್ಕಿಂತ ಮೇಲಿನ ಕೋಶವನ್ನು ‘ರೂಟ್’, ಅಂದರೆ ಬೇರು, ಎಂದೇ ಕರೆಯುತ್ತಾರೆ.

ಈ ಮರದ ಎಲೆಯೆಲೆಯನ್ನೂ ಮುಟ್ಟಬೇಕಾದರೆ ಏನು ಮಾಡಬೇಕು? ಕೊಂಬೆಗಳೆಷ್ಟು, ಅವು ಎಷ್ಟು ಸಲ ಕವಲೊಡೆದಿವೆ ಎಂಬುದು ಮೊದಲೇ ನಮಗೆ ತಿಳಿದಿರುವುದಿಲ್ಲ. ಆದರೂ ಒಂದು ಚಿಕ್ಕ ನಿಯಮ ಸಾಕಾಗುತ್ತದೆ: “ಈ ಕೋಶದೊಳಗೆ ಹೋಗು. ಕಡತ ಸಿಕ್ಕರೆ ಅದನ್ನು ತಿದ್ದು. ಕೋಶ ಸಿಕ್ಕರೆ ಅದಕ್ಕೂ ಇದೇ ನಿಯಮವನ್ನು ಅನ್ವಯಿಸು.” ನಿಯಮದ ಕೊನೆಯ ಮಾತು ನಿಯಮವನ್ನೇ ಮತ್ತೆ ಕರೆಯುತ್ತದೆ ಎಂಬುದನ್ನು ಗಮನಿಸಬೇಕು. ಹೀಗೆ ತನ್ನನ್ನು ತಾನೇ ಕರೆದುಕೊಳ್ಳುವ ವಿಧಾನಕ್ಕೆ ‘ರಿಕರ್ಷನ್’ ಎಂದು ಹೆಸರು. ಒಳಗೆ ಇನ್ನು ಕೋಶವೇ ಇಲ್ಲವೆಂಬ ಸ್ಥಳಕ್ಕೆ ಬಂದಾಗ ನಿಯಮ ತಾನಾಗಿಯೇ ನಿಂತು, ಬಂದ ದಾರಿಯಲ್ಲಿ ಹಿಂದಿರುಗಿ, ಮುಂದಿನ ಕೊಂಬೆಯನ್ನು ಹಿಡಿಯುತ್ತದೆ. ಮರ ಎಷ್ಟೇ ದೊಡ್ಡದಾಗಿದ್ದರೂ ನಿಯಮ ಬೆಳೆಯಬೇಕಾಗಿಲ್ಲ. ಮೂರು ಸಾಲೇ ಸಾಕು.

ಉಪಕರಣಗಳ ಹುಟ್ಟು

ಇಂತಹ ಕೆಲಸಕ್ಕೆ ಇಂದೂ ಬಳಕೆಯಲ್ಲಿರುವ ಉಪಕರಣಗಳು ಹುಟ್ಟಿದುದು ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ್ರೆ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ. 1969ರಲ್ಲಿ ಕೆನ್ ಟಾಂಪ್ಸನ್ ಎಂಬ ವಿಜ್ಞಾನಿ ಅಲ್ಲಿ ಯುನಿಕ್ಸ್ ಎಂಬ ನಿಯಂತ್ರಣ ವ್ಯವಸ್ಥೆಯನ್ನು ರಚಿಸತೊಡಗಿದರು. ಡೆನಿಸ್ ರಿಚಿ ಅವರೊಡನೆ ಕೂಡಿಕೊಂಡರು. ಬಳಸುವವನು ಟೈಪುಮಾಡಿದ ಆಜ್ಞೆಯನ್ನು ಓದಿ ಯಂತ್ರಕ್ಕೆ ತಿಳಿಸುವ ಕ್ರಮವಿಧಿಗೆ ಯುನಿಕ್ಸ್‌ನಲ್ಲಿ ‘ಶೆಲ್’ ಎಂದು ಹೆಸರು. ಶೆಲ್ ಎಂದರೆ ಚಿಪ್ಪು. ಯಂತ್ರದ ತಿರುಳನ್ನು ಸುತ್ತುವರಿದು ಹೊರಜಗತ್ತಿನೊಡನೆ ವ್ಯವಹರಿಸುವ ಭಾಗವಾದುದರಿಂದ ಆ ಹೆಸರು ಒಪ್ಪುತ್ತದೆ. ಹಲವು ಆಜ್ಞೆಗಳನ್ನು ಒಂದರ ಕೆಳಗೊಂದರಂತೆ ಕಡತದಲ್ಲಿ ಬರೆದಿಟ್ಟು, ಬೇಕಾದಾಗ ಒಮ್ಮೆಗೇ ನಡೆಸಿದರೆ ಅದೇ ಶೆಲ್ ಸ್ಕ್ರಿಪ್ಟ್.

ಟಾಂಪ್ಸನ್ನರು ಬರಹವನ್ನು ತಿದ್ದಲು ‘ಇ-ಡಿ’ ಎಂಬ ಸಾಧನವನ್ನು ಮಾಡಿದ್ದರು. ಅದು ಕಡತವನ್ನೆಲ್ಲ ಸ್ಮೃತಿಗೆ ತಂದುಕೊಂಡು ಕೆಲಸಮಾಡುತ್ತಿತ್ತು. ಲೀ ಮ್ಯಾಕ್‌ಮಹನ್ ಎಂಬ ಸಹೋದ್ಯೋಗಿಗೆ, ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಪ್ರಕಟವಾದ 85 ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪದಬಳಕೆಯಿಂದ ಪರಿಶೋಧಿಸುವ ಆಸಕ್ತಿಯಿತ್ತು. ಆ ಪ್ರಬಂಧಗಳ ಮೊತ್ತ ಇ-ಡಿಗೆ ಹಿಡಿಸದಷ್ಟು ದೊಡ್ಡದಾಯಿತು. ಆಗ ಟಾಂಪ್ಸನ್ನರು ಇ-ಡಿಯಲ್ಲಿದ್ದ ಹುಡುಕುವ ಅಂಗವನ್ನು ಮಾತ್ರ ಬೇರ್ಪಡಿಸಿ ಸ್ವತಂತ್ರ ಉಪಕರಣವನ್ನಾಗಿ ಮಾಡಿಕೊಟ್ಟರು. ಅದೇ ‘ಗ್ರೆಪ್’. ಬೇಕಾದ ಪದವಿರುವ ಸಾಲುಗಳನ್ನು ಹುಡುಕಿ ತೋರಿಸುವುದಷ್ಟೇ ಅದರ ಕೆಲಸ. ಯಾವುದನ್ನೂ ಅದು ಬದಲಾಯಿಸುವುದಿಲ್ಲ.

ಹುಡುಕಿದುದನ್ನು ಬದಲಾಯಿಸುವ ಉಪಕರಣವನ್ನು ಅನಂತರ ಮ್ಯಾಕ್‌ಮಹನ್ನರೇ ರಚಿಸಿದರು. ಅದರ ಹೆಸರು ‘ಸೆಡ್’. ‘ಸ್ಟ್ರೀಮ್ ಎಡಿಟರ್’ ಎಂಬುದರ ಸಂಕ್ಷೇಪ, ಎಂದರೆ ಹರಿವನ್ನು ತಿದ್ದುವ ಸಾಧನ. ಕಾಲುವೆಯ ಬದಿಯಲ್ಲಿ ನಿಂತ ನೀರಗಂಟಿ ಕೆರೆಯ ನೀರನ್ನೆಲ್ಲ ಹೊತ್ತುಕೊಳ್ಳುವುದಿಲ್ಲ. ತನ್ನ ಮುಂದೆ ಹರಿಯುವುದನ್ನು ಮಾತ್ರ ನೋಡಿಕೊಳ್ಳುತ್ತಾನೆ. ಸೆಡ್ ಸಹ ಹಾಗೆಯೇ. ಒಂದು ಸಾಲನ್ನು ತೆಗೆದುಕೊಂಡು, ತಿದ್ದಬೇಕಾದುದಿದ್ದರೆ ತಿದ್ದಿ, ಮುಂದಕ್ಕೆ ಬಿಟ್ಟು, ಇನ್ನೊಂದು ಸಾಲಿಗೆ ಕೈಹಾಕುತ್ತದೆ. ಆದುದರಿಂದ ಕಡತ ಎಷ್ಟು ದೊಡ್ಡದಾದರೂ ಅದಕ್ಕೆ ಭಾರವಿಲ್ಲ.

ಮೂರನೆಯ ಉಪಕರಣ ‘ಫೈಂಡ್’. ಮೇಲೆ ಹೇಳಿದ ಮೂರು ಸಾಲಿನ ನಿಯಮವನ್ನು ಅನುಸರಿಸಿ ಮರವನ್ನೆಲ್ಲ ಸುತ್ತಿ, ನಾವು ಹೇಳಿದ ಲಕ್ಷಣವುಳ್ಳ ಕಡತಗಳ ಹೆಸರುಗಳನ್ನು ಪಟ್ಟಿಮಾಡಿಕೊಡುವುದು ಇದರ ಕರ್ತವ್ಯ. ಫೈಂಡ್ ಹುಡುಕಿಕೊಟ್ಟ ಕಡತಗಳನ್ನು ಸೆಡ್‌ನ ಕೈಗಿತ್ತರೆ ನಮ್ಮ ಕಾರ್ಯ ಸಿದ್ಧಿಸಿತು. ಉಪಕರಣಗಳು ಚಿಕ್ಕವು, ಒಂದೊಂದಕ್ಕೂ ಒಂದೊಂದೇ ಕೆಲಸ. ಆದರೆ ಅವನ್ನು ಜೋಡಿಸಿದಾಗ ದೊಡ್ಡ ಕೆಲಸವಾಗುತ್ತದೆ. ಯುನಿಕ್ಸ್‌ನ ತತ್ತ್ವವೇ ಇದು.

ನಮ್ಮ ಅನುಭವ

ಇಷ್ಟನ್ನು ತಿಳಿದ ಉತ್ಸಾಹದಲ್ಲಿ ನಾವು ಮಾಡಿಕೊಂಡ ಒಂದು ಅನರ್ಥವನ್ನು ಇಲ್ಲಿ ಹೇಳುವುದು ಉಪಯುಕ್ತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಕೆಲವರು ಮಿತ್ರರು ಕೂಡಿ, ಹಳ್ಳಿಗಳಲ್ಲಿ ಸುತ್ತಾಡಿ, ವೃದ್ಧರ ಬಾಯಿಂದ ಕಥೆಗಳನ್ನೂ ಹಾಡುಗಳನ್ನೂ ಸಂಗ್ರಹಿಸಿದ್ದೆವು. ತಾಲ್ಲೂಕಿಗೊಂದು ಕೋಶ, ಅದರೊಳಗೆ ಹಳ್ಳಿಗೊಂದು ಕೋಶ, ಅದರೊಳಗೆ ಕಥೆಗೊಂದು ಕಡತ. ಹೀಗೆ 300ಕ್ಕೂ ಮಿಕ್ಕ ಕಡತಗಳಾಗಿದ್ದವು. ಒಂದೊಂದು ಕಡತದ ಮೊದಲ ಸಾಲಿನಲ್ಲಿಯೂ ‘ಗ್ರಾಮ’ ಎಂದು ಬರೆದು ಅದರ ಮುಂದೆ ಹಳ್ಳಿಯ ಹೆಸರನ್ನು ನಮೂದಿಸಿದ್ದೆವು.

ಕಥೆ ಹೇಳಿದವರಲ್ಲಿ ರಾಮ ಎಂಬೊಬ್ಬರಿದ್ದರು. ಅವರ ಹೆಸರು ಬೇರೆಯವರ ಕಡತಗಳಲ್ಲಿಯೂ ಅಲ್ಲಲ್ಲಿ ಬಂದಿತ್ತು. ಮನೆಯ ಸಂಗತಿಗಳೂ ಕಥೆಗಳಲ್ಲಿ ಸೇರಿದ್ದುದರಿಂದ ಹೆಸರನ್ನು ಬದಲಾಯಿಸಬೇಕೆಂದು ಅವರು ಕೇಳಿಕೊಂಡರು. ನ್ಯಾಯವಾದ ಕೋರಿಕೆ. ನಾವು ‘ಸೋಮ’ ಎಂಬ ಹೆಸರನ್ನು ಆರಿಸಿಕೊಂಡೆವು. ಸೆಡ್‌ಗೆ ಕೊಡಬೇಕಾದ ಆಜ್ಞೆ ಬಹು ಸರಳ:

ಎಸ್/ರಾಮ/ಸೋಮ/ಜಿ

ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಕೀಲಿಮಣೆಯಲ್ಲಿ ರೋಮನ್ ಲಿಪಿಯಲ್ಲಿಯೇ ಒತ್ತಬೇಕು. ಇಲ್ಲಿ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದ್ದೇವೆ. ‘ಎಸ್’ ಎಂದರೆ ಬದಲಾಯಿಸು. ಓರೆಗೆರೆಗಳ ನಡುವೆ ಮೊದಲನೆಯದು ಹಳೆಯ ಪದ, ಎರಡನೆಯದು ಹೊಸ ಪದ. ‘ಜಿ’ ಎಂದರೆ ಒಂದು ಸಾಲಿನಲ್ಲಿ ಎಷ್ಟು ಸಲ ಬಂದಿದ್ದರೂ ಅಷ್ಟನ್ನೂ. ಸಾಮಾನ್ಯವಾಗಿ ಸೆಡ್ ಮೂಲ ಕಡತವನ್ನು ಮುಟ್ಟದೆ ತಿದ್ದಿದುದನ್ನು ತೆರೆಯ ಮೇಲೆ ತೋರಿಸುತ್ತದೆ. ‘ಐ’ ಎಂಬ ಸೂಚನೆಯನ್ನು ಸೇರಿಸಿದರೆ ಮಾತ್ರ ಕಡತವನ್ನೇ ಬದಲಾಯಿಸುತ್ತದೆ. ನಾವು ಆ ಸೂಚನೆಯನ್ನೂ ಸೇರಿಸಿ, ಫೈಂಡ್‌ನೊಡನೆ ಜೋಡಿಸಿ, ಆಜ್ಞೆ ಕೊಟ್ಟೆವು. ಒಂದೆರಡು ಕ್ಷಣಗಳಲ್ಲಿ ಕೆಲಸ ಮುಗಿಯಿತು. ಯಂತ್ರ ಏನೂ ಹೇಳಲಿಲ್ಲ. ಯುನಿಕ್ಸ್‌ನ ಉಪಕರಣಗಳು ಕೆಲಸ ಸಫಲವಾದಾಗ ಮೌನವಾಗಿರುವುದೇ ಪದ್ಧತಿ.

ಮೊದಲ ಕಡತವನ್ನು ತೆರೆದೆವು. ‘ಗ್ರಾಮ’ ಎಂದಿದ್ದ ಕಡೆ ‘ಗ್ಸೋಮ’ ಎಂದಿತ್ತು. ಎರಡನೆಯದರಲ್ಲಿಯೂ ಹಾಗೆಯೇ. ಮೂರನೆಯದರಲ್ಲಿ ರಾಮಾಯಣವು ‘ಸೋಮಾಯಣ’ವಾಗಿತ್ತು, ಪ್ರಾಮಾಣಿಕನಾದವನು ‘ಪ್ಸೋಮಾಣಿಕ’ನಾಗಿದ್ದನು, ಪರಾಮರ್ಶೆ ‘ಪಸೋಮರ್ಶೆ’ಯಾಗಿತ್ತು. ಮೊದಲು ನಕ್ಕೆವು. ಹಳೆಯ ಪ್ರತಿಯಿದೆಯಲ್ಲಾ ಎಂಬ ಧೈರ್ಯವಿತ್ತು. ಆ ಪ್ರತಿಯ ಕೋಶವನ್ನು ತೆರೆದಾಗ ನಗು ನಿಂತಿತು. ಅದನ್ನು ನಾವು ಅದೇ ದೊಡ್ಡ ಕೋಶದ ಒಳಗೇ ಇಟ್ಟಿದ್ದೆವು. ಕೋಶ ಸಿಕ್ಕರೆ ಅದಕ್ಕೂ ಇದೇ ನಿಯಮವೆಂದು ಆಜ್ಞೆಮಾಡಿದವರು ನಾವೇ. ಯಂತ್ರ ವಿಧೇಯತೆಯಿಂದ ಅದರೊಳಗೂ ಹೊಕ್ಕು, ಪ್ರತಿಗಳನ್ನೂ ಅಷ್ಟೇ ಅಚ್ಚುಕಟ್ಟಾಗಿ ತಿದ್ದಿತ್ತು.

ಕಣ್ಣಿಗೆ ಕಾಣದ ‘ರಾಮ’

‘ಗ್ರಾಮ’ ಎಂಬ ಪದದಲ್ಲಿ ‘ರಾಮ’ ಎಲ್ಲಿದೆ? ನಮ್ಮ ಕಣ್ಣಿಗೆ ಕಾಣುವುದು ‘ಗಾ’ ಎಂಬ ಅಕ್ಷರ, ಅದರಡಿಯಲ್ಲಿ ರಕಾರದ ಒತ್ತು, ಆಮೇಲೆ ಒಂದು ‘ಮ’. ಆದರೆ ಯಂತ್ರ ಆಕಾರವನ್ನು ನೋಡುವುದಿಲ್ಲ, ಸಂಕೇತಗಳನ್ನು ನೋಡುತ್ತದೆ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ನಿಯಮಿಸುವ ಯುನಿಕೋಡ್ ಎಂಬ ಏರ್ಪಾಡಿನ ಮೊದಲನೆಯ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ಅದರಲ್ಲಿ 128 ಮನೆಗಳನ್ನು ಮೀಸಲಿರಿಸಿದ್ದಾರೆ. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. ವ್ಯಂಜನದ ಮುಂದೆ ವಿರಾಮಚಿಹ್ನೆಯನ್ನು, ಅಂದರೆ ಅರ್ಧಾಕ್ಷರವನ್ನು ಮಾಡುವ ಗುರುತನ್ನು, ಇಟ್ಟು ಅನಂತರ ಇನ್ನೊಂದು ವ್ಯಂಜನವನ್ನು ಇಟ್ಟರೆ, ತೆರೆಯ ಮೇಲೆ ಅದು ಒತ್ತಾಗಿ ಕಾಣುತ್ತದೆ. ಹೀಗಾಗಿ ‘ಗ್ರಾಮ’ ಎಂಬುದು ಯಂತ್ರಕ್ಕೆ ಐದು ಸಂಕೇತಗಳ ಸಾಲು: ಗಕಾರ, ವಿರಾಮಚಿಹ್ನೆ, ರಕಾರ, ದೀರ್ಘದ ಚಿಹ್ನೆ, ಮಕಾರ. ಇವುಗಳಲ್ಲಿ ಕೊನೆಯ ಮೂರು ಸೇರಿದರೆ ‘ರಾಮ’ವೇ ಸರಿ. ಇದು ಯಂತ್ರದ ತಪ್ಪಲ್ಲ. ನಾವು ಕೇಳಿದುದನ್ನು ಅದು ಕಂಡುಹಿಡಿಯಿತು; ನಾವು ಕೇಳಬೇಕೆಂದಿದ್ದುದು ಬೇರೆಯಾಗಿತ್ತು.

ಈ ಸಂಖ್ಯೆಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಮೊದಲೇ ಹೇಳಿದ ಕೆನ್ ಟಾಂಪ್ಸನ್ ಎಂಬುದು ಗಮನಾರ್ಹ. ಅದರ ಪ್ರಕಾರ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ನಾವು ಎರಡೇ ಅಕ್ಷರಗಳೆಂದು ಓದುವ ‘ಗ್ರಾಮ’ಕ್ಕೆ ಕಡತದಲ್ಲಿ 15 ಬೈಟುಗಳು.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ‘ಸೋ’ ಎಂಬಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಣುಕುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಒಂದನ್ನು ಹುಡುಕುವ ಆಜ್ಞೆಗೆ ಇನ್ನೊಂದು ಸಿಕ್ಕುವುದಿಲ್ಲ. ಕಾಣದುದು ಸಿಕ್ಕುವುದು, ಕಾಣುವುದು ಸಿಕ್ಕದಿರುವುದು: ಎರಡೂ ಕನ್ನಡದಲ್ಲಿ ಸಾಧ್ಯ.

ಪದದ ಹಿಂದೆ ತೆರಪಿದ್ದರೆ ಮಾತ್ರ ತಿದ್ದು ಎಂದು ಆಜ್ಞೆಮಾಡಬಾರದಿತ್ತೇ ಎಂದು ವಾಚಕರು ಕೇಳಬಹುದು. ಹಾಗೆ ಮಾಡಿದ್ದರೆ ಗ್ರಾಮ, ಪರಾಮರ್ಶೆ ಮುಂತಾದುವು ಉಳಿಯುತ್ತಿದ್ದವು. ಆದರೆ ಪದದ ಮುಂದೆಯೂ ತೆರಪಿರಬೇಕೆನ್ನುವಂತಿಲ್ಲ. ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಪದಕ್ಕೇ ಅಂಟಿಕೊಂಡಿರುವುದರಿಂದ ‘ರಾಮನು’, ‘ರಾಮನಿಗೆ’ ಎಂಬುವು ಬಿಟ್ಟುಹೋಗುತ್ತವೆ. ಮುಂದಿನದನ್ನು ಸಡಿಲಬಿಟ್ಟರೆ ‘ರಾಮನಗರ’ವೂ ಬಲೆಗೆ ಬೀಳುತ್ತದೆ. ‘ರಾಮನ’ ಎಂಬುದು ಒಬ್ಬ ಮನುಷ್ಯನ ಷಷ್ಠೀವಿಭಕ್ತಿಯೋ ಒಂದು ಊರಿನ ಹೆಸರಿನ ಭಾಗವೋ ಎಂಬ ವಿವೇಕ ಸೆಡ್‌ಗಿಲ್ಲ. ಆದಕಾರಣ ಬೇಕಾದ ರೂಪಗಳನ್ನು ಒಂದೊಂದಾಗಿ ಹೆಸರಿಸಿ ತಿದ್ದಿಸುವುದೇ ಕ್ಷೇಮ.

ಹಿಂದಿರುಗಲಾರದ ದಾರಿ

ಕೆಟ್ಟುದನ್ನು ಸರಿಪಡಿಸಲು ಕುಳಿತಾಗ ನಮಗೆ ಒಂದು ಮುಖ್ಯವಾದ ತತ್ತ್ವ ಮನದಟ್ಟಾಯಿತು. ಅದನ್ನು ವಿದ್ಯಾರ್ಥಿಗಳು ಗಣಿತದಲ್ಲಿಯೂ ಕಲಿತಿರುತ್ತಾರೆ.

‘ಗ್ಸೋಮ’ವನ್ನು ‘ಗ್ರಾಮ’ವನ್ನಾಗಿ ಮಾಡುವುದು ಸುಲಭವಾಯಿತು. ಅಂತಹ ಪದ ಕನ್ನಡದಲ್ಲಿ ಬೇರೆಲ್ಲಿಯೂ ಇಲ್ಲವಾದುದರಿಂದ, ಕಂಡಲ್ಲೆಲ್ಲ ಹಿಂದಕ್ಕೆ ತಿರುಗಿಸಿದರಾಯಿತು. ಆದರೆ ಎಲ್ಲ ‘ಸೋಮ’ಗಳನ್ನೂ ‘ರಾಮ’ವಾಗಿಸಲು ಸಾಧ್ಯವೇ? ಹಾಗೆ ಮಾಡಿದರೆ, ಮೊದಲಿನಿಂದಲೂ ಸೋಮವಾರವೇ ಆಗಿದ್ದುದು ‘ರಾಮವಾರ’ವಾಗುತ್ತದೆ. ಅದನ್ನಾದರೂ ಗುರುತಿಸಬಹುದು. ಗುರುತಿಸಲಾಗದ್ದು ದೇವಸ್ಥಾನದ ಹೆಸರು. ನಮ್ಮ ಸಂಗ್ರಹದಲ್ಲಿ ರಾಮೇಶ್ವರನ ಗುಡಿಗಳಿದ್ದವು, ಸೋಮೇಶ್ವರನ ಗುಡಿಗಳೂ ಇದ್ದವು. ಆಜ್ಞೆ ನಡೆದ ಮೇಲೆ ಎಲ್ಲವೂ ಸೋಮೇಶ್ವರವೇ. ಯಾವುದು ಮೊದಲಿನಿಂದ ಸೋಮೇಶ್ವರ, ಯಾವುದು ಈಗ ಆದ ಸೋಮೇಶ್ವರ ಎಂದು ಹೇಳಬಲ್ಲ ಯಾವ ಗುರುತೂ ಕಡತದಲ್ಲಿ ಉಳಿದಿರಲಿಲ್ಲ. ಎರಡು ಹೊಳೆಗಳು ಕೂಡಿದ ಮೇಲೆ ಒಂದು ಬೊಗಸೆ ನೀರನ್ನೆತ್ತಿ ಇದು ಯಾವ ಹೊಳೆಯದೆಂದು ಕೇಳಿದಂತೆ.

ಎರಡು ಬೇರೆ ವಸ್ತುಗಳನ್ನು ಒಂದೇ ಆಗಿ ಮಾಡುವ ಕ್ರಿಯೆಗೆ ಪ್ರತಿಕ್ರಿಯೆಯಿಲ್ಲ. ಒಂದಕ್ಕೊಂದು ಎಂಬಂತೆ ಹೊಂದಿಕೊಳ್ಳುವ ಬದಲಾವಣೆಯನ್ನು ಮಾತ್ರ ಹಿಂದಕ್ಕೆ ತಿರುಗಿಸಬಹುದು. ‘ಸೋಮ’ದ ಬದಲು, ಸಂಗ್ರಹದಲ್ಲಿ ಎಲ್ಲಿಯೂ ಇಲ್ಲದ ಯಾವುದಾದರೊಂದು ಗುರುತನ್ನು ಆರಿಸಿಕೊಂಡಿದ್ದರೆ, ನಮ್ಮ ಅವಿವೇಕವನ್ನೆಲ್ಲ ಮತ್ತೊಂದೇ ಆಜ್ಞೆ ತೊಡೆದುಹಾಕುತ್ತಿತ್ತು. ಹಿಂದಿರುಗುವ ದಾರಿ ಇದೆಯೇ ಇಲ್ಲವೇ ಎಂಬುದು ಆಜ್ಞೆಯನ್ನು ಕೊಡುವ ಮೊದಲೇ ನಿಶ್ಚಯವಾಗಿಹೋಗಿರುತ್ತದೆ.

ನಾವು ಮಾಡಿದುದೇನು? ಒಂದು ತಾಲ್ಲೂಕಿಗೆ ಮಿತ್ರರೊಬ್ಬರ ಕೈಬರಹದ ಪುಸ್ತಕಗಳು ದೊರೆತವು. ಕೆಲವು ಕಥೆಗಳಿಗೆ ಧ್ವನಿಮುದ್ರಣವಿತ್ತು. ಅದನ್ನು ಮತ್ತೆ ಕೇಳಿದೆವು. ಕೆಲವು ಊರುಗಳಿಗೆ ಹೋಗಿ ವಿಚಾರಿಸಿಕೊಂಡು ಬಂದೆವು. ಒಂದೆರಡು ಕ್ಷಣಗಳಲ್ಲಿ ಕೆಟ್ಟುದಕ್ಕೆ ಎರಡು ತಿಂಗಳು ಹಿಡಿಯಿತು. ಎಲ್ಲವೂ ಸರಿಹೋಯಿತು, ಒಂದು ಹಾಡಿನ ಹೊರತು. ಅದನ್ನು ಹೇಳಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು, ಧ್ವನಿಮುದ್ರಣವಿರಲಿಲ್ಲ, ಊರಿನಲ್ಲಿ ಬೇರೆ ಯಾರಿಗೂ ಆ ಹಾಡು ಬರುತ್ತಿರಲಿಲ್ಲ. ಅವರು ಹಾಡಿದುದು ರಾಮೇಶ್ವರನನ್ನೋ ಸೋಮೇಶ್ವರನನ್ನೋ ನಮಗೆ ತಿಳಿಯದು. ನಮ್ಮ ಸಂಗ್ರಹದಲ್ಲಿ ಆ ಪದದ ಮುಂದೆ ಇಂದಿಗೂ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ.

ಅನುಸರಿಸಬೇಕಾದ ಕ್ರಮ

ಈ ಅನುಭವದಿಂದ ನಾವು ಕಲಿತ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಸಂಗ್ರಹದ ಪೂರ್ಣಪ್ರತಿಯೊಂದನ್ನು ಮರದ ಹೊರಗೆ, ಸಾಧ್ಯವಾದರೆ ಬೇರೆ ಯಂತ್ರದಲ್ಲಿಯೇ, ಇಡಬೇಕು. ಒಳಗಿಟ್ಟ ಪ್ರತಿ ಪ್ರತಿಯೇ ಅಲ್ಲ. ಬದಲಾವಣೆಗಳ ಚರಿತ್ರೆಯನ್ನೆಲ್ಲ ಕಾಪಾಡುವ ಗಿಟ್ ಎಂಬ ವ್ಯವಸ್ಥೆಯನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದರು. ಅದನ್ನು ಬಳಸುವುದು ಇನ್ನೂ ಉತ್ತಮ. ಆದರೆ ಗಿಟ್ ತನ್ನ ದಾಖಲೆಗಳನ್ನು ಅದೇ ಮರದೊಳಗಿನ ಒಂದು ಮರೆಯಾದ ಕೋಶದಲ್ಲಿ ಇಟ್ಟುಕೊಳ್ಳುತ್ತದೆ. ಅದರೊಳಗೆ ಹೋಗಕೂಡದೆಂದು ಫೈಂಡ್‌ಗೆ ಸ್ಪಷ್ಟವಾಗಿ ಹೇಳದಿದ್ದರೆ, ಚರಿತ್ರೆಯೇ ಕೆಟ್ಟುಹೋದೀತು.

ಎರಡನೆಯದಾಗಿ, ತಿದ್ದುವ ಮೊದಲು ನೋಡಬೇಕು. ಗ್ರೆಪ್‌ಗೆ ‘ಆರ್’ ಎಂಬ ಸೂಚನೆಯನ್ನು ಕೊಟ್ಟರೆ ಅದೂ ಮರವನ್ನೆಲ್ಲ ಸುತ್ತಿ, ಪದವಿರುವ ಸಾಲುಗಳನ್ನು ಕಡತದ ಹೆಸರಿನೊಡನೆ ತೋರಿಸುತ್ತದೆ. ಆ ಸಾಲುಗಳನ್ನು ಎಣಿಸಬೇಕು. ನಮ್ಮ ರಾಮರ ಹೆಸರು ನಲವತ್ತು ಐವತ್ತು ಕಡೆಗಳಲ್ಲಿ ಬಂದಿರಬಹುದೆಂದು ನಾವು ಊಹಿಸಿದ್ದೆವು. ಎಣಿಸಿದ್ದರೆ ಸಂಖ್ಯೆ 300ನ್ನು ದಾಟಿರುವುದು ತಿಳಿದು, ಅಲ್ಲಿಯೇ ಕೈ ತಡೆಯುತ್ತಿತ್ತು. ಊಹೆಗೂ ಎಣಿಕೆಗೂ ಹೊಂದಿಕೆಯಿಲ್ಲದಿದ್ದರೆ ಎಣಿಕೆಯನ್ನು ಅನುಮಾನಿಸದೆ ಊಹೆಯನ್ನು ಅನುಮಾನಿಸಬೇಕು. ಇದು ಪ್ರಯೋಗಶಾಲೆಯ ನಿಯಮವೂ ಹೌದು.

ಮೂರನೆಯದಾಗಿ, ಕ್ಷೇತ್ರವನ್ನು ಕಿರಿದುಗೊಳಿಸಬೇಕು. ಬರಹದ ಕಡತಗಳನ್ನು ಮಾತ್ರ ಹುಡುಕುವಂತೆ ಫೈಂಡ್‌ಗೆ ಹೇಳಬೇಕು. ಚಿತ್ರ, ಧ್ವನಿ ಮುಂತಾದ ಕಡತಗಳಲ್ಲಿ ಅಕಸ್ಮಾತ್ತಾಗಿ ಒಂದು ಬೈಟು ಬದಲಾದರೂ ಅವು ತೆರೆಯದೆ ಹೋಗಬಹುದು. ಕಡತದ ಹೆಸರುಗಳಲ್ಲಿ ತೆರಪಿದ್ದರೂ ಎಚ್ಚರಿಕೆ ಬೇಕು. ಶೆಲ್ ತೆರಪನ್ನು ಪದಗಳ ಎಲ್ಲೆಯೆಂದು ತಿಳಿಯುವುದರಿಂದ, ‘ಅಜ್ಜಿಯ ಕಥೆ’ ಎಂಬ ಒಂದು ಕಡತವನ್ನು ‘ಅಜ್ಜಿಯ’, ‘ಕಥೆ’ ಎಂಬ ಎರಡು ಕಡತಗಳೆಂದು ಭ್ರಮಿಸೀತು. ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದು, ಅಥವಾ ಫೈಂಡ್‌ನಿಂದಲೇ ಸೆಡ್‌ಅನ್ನು ನೇರವಾಗಿ ನಡೆಸುವುದು ಇದಕ್ಕೆ ಪರಿಹಾರ.

ನಾಲ್ಕನೆಯದಾಗಿ, ಒಂದೇ ಕಡತದ ಮೇಲೆ ಪ್ರಯೋಗಮಾಡಿ, ‘ಡಿಫ್’ ಎಂಬ ಉಪಕರಣದಿಂದ ಹಳೆಯದನ್ನೂ ಹೊಸದನ್ನೂ ಹೋಲಿಸಬೇಕು. ವ್ಯತ್ಯಾಸವಾದ ಸಾಲುಗಳನ್ನು ಮಾತ್ರ ಅದು ಎತ್ತಿ ತೋರಿಸುತ್ತದೆ. ಅವು ನಾವು ಬಯಸಿದಂತೆಯೇ ಇದ್ದರೆ ಆಗ ಇಡೀ ಮರಕ್ಕೆ ಆಜ್ಞೆಯನ್ನು ಕೊಡಬಹುದು. ಆಗಲೂ ‘ಐ’ ಸೂಚನೆಗೆ ಒಂದು ಬಾಲವನ್ನು ಅಂಟಿಸಿದರೆ, ಸೆಡ್ ಮೂಲ ಕಡತವನ್ನು ಆ ಬಾಲವಿರುವ ಹೆಸರಿನಲ್ಲಿ ಪಕ್ಕದಲ್ಲಿಯೇ ಉಳಿಸಿಡುತ್ತದೆ. ಕೊನೆಗೆ ಮತ್ತೊಮ್ಮೆ ಎಣಿಸಿ, ಹಿಂದಿನ ಲೆಕ್ಕದೊಡನೆ ತಾಳೆನೋಡಬೇಕು.

ಇಷ್ಟಕ್ಕೂ ಹೆಚ್ಚೆಂದರೆ ಅರ್ಧ ಗಂಟೆ ಹಿಡಿದೀತು. ಕೈಯಿಂದ ತಿದ್ದಿದ್ದರೆ ಹಿಡಿಯುತ್ತಿದ್ದ ದಿನಗಳನ್ನು ನೆನೆದರೆ ಇದೇನೂ ದೊಡ್ಡದಲ್ಲ. ಯಂತ್ರ ನಮ್ಮ ಮನಸ್ಸನ್ನು ಓದುವುದಿಲ್ಲ, ನಮ್ಮ ಮಾತನ್ನು ಓದುತ್ತದೆ. ಅದು ಉಳಿಸಿಕೊಟ್ಟ ಕಾಲದಲ್ಲಿ ಒಂದಂಶವನ್ನು ಆ ಮಾತನ್ನು ತೂಗಿನೋಡುವುದಕ್ಕೆ ಮೀಸಲಿಟ್ಟವನಿಗೆ ಈ ಚಿಕ್ಕ ಉಪಕರಣಗಳಷ್ಟು ನಂಬಿಕೆಯ ಸೇವಕರು ಬೇರೆ ಇಲ್ಲ.